14,100 ಕಿಲೋಮೀಟರ್ ದಾರಿಗೆ 28 ಗಂಟೆ ಏಕೆ?

ಪ್ರಶ್ನೆ: ಸರ್, ನಮಸ್ಕಾರ. ನಾವು ಉಡುಪಿ ಹತ್ತಿರದ ಕಟಪಾಡಿಯವರು. ತಂಗಿ ಅಮೆರಿಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಅಮ್ಮನನ್ನು ಕಳಿಸಬೇಕು. ಅಮ್ಮನಿಗೆ 66 ವರ್ಷ, ಮಂಡಿನೋವಿದೆ, ಶುಗರ್‌ಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ವಿಮಾನ ಹತ್ತುವುದು ಇದೇ ಮೊದಲು. ತುಳು, ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಮಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ದೂರ ಸುಮಾರು 14,100 ಕಿ.ಮೀ. ಎಂದು ಇಂಟರ್ನೆಟ್ಟಿನಲ್ಲಿದೆ. ವಿಮಾನ ಗಂಟೆಗೆ 900 ಕಿ.ಮೀ. ಹೋದರೆ 16 ಗಂಟೆಯೊಳಗೆ ಮುಟ್ಟಬೇಕು ತಾನೆ? ಆದರೆ ಒಬ್ಬ ಏಜೆಂಟರು ದುಬೈ ಮೇಲೆ 28 ಗಂಟೆ ಎನ್ನುತ್ತಾರೆ. ಇನ್ನೊಬ್ಬರು ಅದೇ ದುಬೈ ಮೇಲೆ 24 ಗಂಟೆ ಎನ್ನುತ್ತಾರೆ, ದುಡ್ಡೂ ಕಡಿಮೆ. ಮೊದಲಿನವರು ನಮ್ಮನ್ನು ಸುತ್ತಿಸುತ್ತಿದ್ದಾರಾ? ಪಕ್ಕದ ಮನೆಯ ಮಾಸ್ಟ್ರು ಹೇಳುವುದು ಬೇರೆಯೇ: ಭೂಮಿ ಪೂರ್ವಕ್ಕೆ ತಿರುಗುವುದರಿಂದ ಹೋಗುವಾಗ ಬೇಗ, ಬರುವಾಗ ತಡ ಅಂತೆ. ಟಿಕೆಟಿನಲ್ಲೂ ಹಾಗೇ ಕಾಣುತ್ತದೆ. ಮಂಗಳವಾರ ಹೊರಟು ಮಂಗಳವಾರವೇ ಇಳಿಯುತ್ತಾರೆ, ವಾಪಸು ಬರುವಾಗ ಮಂಗಳವಾರ ಹೊರಟರೆ ಗುರುವಾರ. "ಹಾಗಾದರೆ ಮಾತ್ರೆ ಯಾವ ದಿನದ್ದು ನುಂಗುವುದು?" ಅಂತ ಅಮ್ಮ ಕೇಳುತ್ತಿದ್ದಾರೆ.

ಉತ್ತರ: ನಿಮ್ಮ ಭಾಗಾಕಾರ ಸರಿ ಇದೆ. ಇಬ್ಬರು ಏಜೆಂಟರೂ ಗಂಟೆಯ ವಿಷಯದಲ್ಲಿ ಸುಳ್ಳು ಹೇಳಿಲ್ಲ. ಮಾಸ್ಟ್ರು ಮಾತ್ರ ಸ್ವಲ್ಪ ದಾರಿ ತಪ್ಪಿದ್ದಾರೆ, ಆದರೆ ಅವರೊಬ್ಬರೇ ಅಲ್ಲ. ಎಲ್ಲಕ್ಕಿಂತ ಸರಿಯಾದ ಪ್ರಶ್ನೆ ಕೇಳಿದವರು ನಿಮ್ಮ ಅಮ್ಮ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ವಿಮಾನ ಓಡಿಸಿದವನಲ್ಲ. ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಇಂಧನ ತುಂಬಬೇಕು, ಗಾಳಿ ಹೇಗಿದೆ ಎಂದು ನೆಲದ ಮೇಲೆ ಕೂತು ಲೆಕ್ಕ ಹಾಕುವ ಡಿಸ್ಪ್ಯಾಚರ್ ಕೆಲಸ ನನ್ನದಾಗಿತ್ತು. ಗಲ್ಫ್‌ನಲ್ಲಿ ವರ್ಷಗಟ್ಟಲೆ ಅದನ್ನೇ ಮಾಡಿ ಈಗ ಊರಿಗೆ ಬಂದಿದ್ದೇನೆ. ಆ ಕೆಲಸದಲ್ಲಿ ಮೊದಲು ಕಲಿಯುವುದೇ ಇದು: ಕಿಲೋಮೀಟರ್ ನೋಡಿ ಗಂಟೆ ಹೇಳಬಾರದು.

ಮೊದಲು 14,100 ಎಲ್ಲಿಂದ ಬಂತು ನೋಡೋಣ. ಗೋಡೆಯ ಮೇಲಿನ ನಕ್ಷೆಯಲ್ಲಿ ಮಂಗಳೂರಿನಿಂದ ಅಮೆರಿಕಕ್ಕೆ ಗೆರೆ ಎಳೆದರೆ ಅದು ಅರಬ್ಬಿ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ಆ ಗೆರೆಯನ್ನು ನಂಬಬೇಡಿ. ನೀವು ಕಟಪಾಡಿಯವರು, ಮಟ್ಟುಗುಳ್ಳ ಬದನೆಗೆ ಬರವಿಲ್ಲ. ಆದಷ್ಟು ಗುಂಡಗಿನ ಒಂದು ಗುಳ್ಳ ತೆಗೆದುಕೊಳ್ಳಿ. ತೊಟ್ಟು ಮೇಲೆ ಬರುವಂತೆ ಹಿಡಿಯಿರಿ, ಅದು ಉತ್ತರ ಧ್ರುವ. ಹೊಟ್ಟೆಯ ಸುತ್ತಳತೆಗಿಂತ ಸ್ವಲ್ಪ ಮೇಲೆ ಒಂದು ಚುಕ್ಕಿ ಇಡಿ, ಅದು ಮಂಗಳೂರು. ಹೆಚ್ಚುಕಮ್ಮಿ ಅದರ ಹಿಂಬದಿಯಲ್ಲಿ, ಇನ್ನೂ ಸ್ವಲ್ಪ ಮೇಲೆ ಇನ್ನೊಂದು ಚುಕ್ಕಿ, ಅದು ಸ್ಯಾನ್ ಫ್ರಾನ್ಸಿಸ್ಕೊ. ಈಗ ಎರಡಕ್ಕೂ ಒಂದು ನೂಲು ಹಿಡಿದು ಬಿಗಿಯಾಗಿ ಎಳೆಯಿರಿ. ನೂಲು ಹೊಟ್ಟೆಯ ಸುತ್ತ ನಿಲ್ಲುವುದಿಲ್ಲ. ಜಾರಿ ತೊಟ್ಟಿನ ಕಡೆಗೆ ಹೋಗುತ್ತದೆ. ಅದೇ ಅತಿ ಹತ್ತಿರದ ದಾರಿ. ಅಂದರೆ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಲು ಮಂಗಳೂರಿನಿಂದ ಪಶ್ಚಿಮಕ್ಕೆ ತಿರುಗಬೇಕಾಗಿಯೇ ಇಲ್ಲ. ಉತ್ತರಕ್ಕೆ ಮುಖ ಮಾಡಿ, ಒಂಚೂರು ಪೂರ್ವಕ್ಕೆ ವಾಲಿ, ಚೀನಾ, ಸೈಬೀರಿಯ ದಾಟಿ, ಭೂಮಿಯ ನೆತ್ತಿಯ ಪಕ್ಕದಲ್ಲಿ ಹಾದು ಕೆಳಗಿಳಿಯಬೇಕು. 14,100 ಎನ್ನುವುದು ಆ ನೂಲಿನ ಉದ್ದ.

ಆ ನೂಲಿನ ಮೇಲೇ ವಿಮಾನ ಹೋಗುವುದಿಲ್ಲ. ದಾರಿಯಲ್ಲಿ ಮೊದಲು ಸಿಗುವುದೇ ಹಿಮಾಲಯ, ಅದರಾಚೆ ಟಿಬೆಟ್. ಪರ್ವತ ಎತ್ತರವೆಂದಲ್ಲ, ವಿಮಾನ ಅದಕ್ಕಿಂತ ಮೇಲೆಯೇ ಹಾರುತ್ತದೆ. ಒಳಗಿನ ಗಾಳಿಯ ಒತ್ತಡ ಕೈಕೊಟ್ಟರೆ ಪೈಲಟ್ ಕೂಡಲೇ 10,000 ಅಡಿಗೆ ಇಳಿಯಬೇಕು, ಜನ ಮಾಸ್ಕ್ ಇಲ್ಲದೆ ಉಸಿರಾಡಲು ಅಷ್ಟು ಕೆಳಗೆ ಬರಬೇಕು. ಟಿಬೆಟ್‌ನಲ್ಲಿ ನೆಲವೇ ಸರಾಸರಿ 14,000 ಅಡಿಗಿಂತ ಮೇಲಿದೆ. ಇಳಿಯುವುದೆಲ್ಲಿಗೆ? ಪ್ರಯಾಣಿಕರ ಮಾಸ್ಕಿನಲ್ಲಿ ಆಕ್ಸಿಜನ್ ಬರುವುದು ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸು. ಹಾಗಾಗಿ ಹೆಚ್ಚಿನ ವಿಮಾನಗಳು ಆ ಭಾಗವನ್ನು ಬಳಸಿಕೊಂಡು ಹೋಗುತ್ತವೆ.

ಆಮೇಲೆ ಆಕಾಶಕ್ಕೂ ಬೇಲಿ ಇದೆ. 2022ರ ಫೆಬ್ರವರಿ, ಮಾರ್ಚಿನಲ್ಲಿ ರಷ್ಯದ ಆಕಾಶ ಅಮೆರಿಕ, ಕೆನಡ ಮತ್ತು ಯುರೋಪಿನ ಹೆಚ್ಚಿನ ಕಂಪನಿಗಳಿಗೆ ಮುಚ್ಚಿತು. 2025ರ ಏಪ್ರಿಲ್ ಕೊನೆಯಲ್ಲಿ ಪಾಕಿಸ್ತಾನದ ಆಕಾಶ ನಮ್ಮ ಕಂಪನಿಗಳಿಗೆ ಮುಚ್ಚಿತು. ದಿಲ್ಲಿಯಿಂದ ಅಮೆರಿಕಕ್ಕೆ ನಿಲ್ಲದೆ ಹೋಗುತ್ತಿದ್ದ ಏರ್ ಇಂಡಿಯ ವಿಮಾನಗಳಲ್ಲಿ ಕೆಲವು ಆಗ ಯುರೋಪಿನಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಮುಂದೆ ಹೋದವು. ಎರಡು ಊರುಗಳ ನಡುವಿನ ದೂರ ಒಂದು ಇಂಚೂ ಬದಲಾಗಲಿಲ್ಲ, ಪ್ರಯಾಣ ಮಾತ್ರ ಗಂಟೆಗಟ್ಟಲೆ ಉದ್ದವಾಯಿತು.

ಈಗ ಮಾಸ್ಟ್ರ ವಿಷಯ. ಭೂಮಿ ತಿರುಗುವುದು ನಿಜ. ಉಡುಪಿ ಇರುವ ಜಾಗದಲ್ಲಿ ಅದರ ವೇಗ ಗಂಟೆಗೆ 1,600 ಕಿ.ಮೀ.ಗಿಂತ ಜಾಸ್ತಿ. ವಿಮಾನ ಸುಮ್ನೆ ಮೇಲೇರಿ ನಿಂತರೆ ಕೆಳಗೆ ಅಮೆರಿಕ ತಾನಾಗಿ ಬರಬೇಕಲ್ವಾ ಅನ್ನಿಸುತ್ತದೆ. ಬರುವುದಿಲ್ಲ, ಯಾಕೆಂದರೆ ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತಿದೆ. ಉಡುಪಿಯಿಂದ ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನೊಳಗೆ ಒಂದು ನೊಣ ಹಾರುತ್ತಿರುತ್ತದೆ. ಡ್ರೈವರ್ ಎಷ್ಟೇ ಜೋರಾಗಿ ಹೊಡೆದರೂ ಆ ನೊಣ ಹೋಗಿ ಹಿಂದಿನ ಗ್ಲಾಸಿಗೆ ಬಡಿಯುವುದಿಲ್ಲ. ಬಸ್ಸಿನೊಳಗಿನ ಗಾಳಿ ಬಸ್ಸಿನ ಜೊತೆಗೇ ಹೋಗುತ್ತಿದೆ, ನೊಣ ಆ ಗಾಳಿಯಲ್ಲಿದೆ. ವಿಮಾನವೂ ಅಷ್ಟೇ.

ಆದರೂ ಹೋಗುವ ಬರುವ ಸಮಯ ಬೇರೆಯಾಗುತ್ತದೆ, ಕಾರಣ ಮೇಲಿನ ಗಾಳಿ. ಒಂಬತ್ತು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಹರಿಯುವ ಗಾಳಿ ಇದೆ, ಅದಕ್ಕೆ ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಗಂಟೆಗೆ 150, 200 ಕಿ.ಮೀ. ಸಾಮಾನ್ಯ. ಚಳಿಗಾಲದಲ್ಲಿ 300 ದಾಟುವುದೂ ಇದೆ. ಮಳೆಗಾಲದ ನೇತ್ರಾವತಿಯಲ್ಲಿ ದೋಣಿ ಬಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಟ್ಟು ಹಾಕುವ ಕೈ ಒಂದೇ, ಸೆಳೆತದ ಜೊತೆ ಹೋದರೆ ಬೇಗ, ಎದುರು ಹೋದರೆ ಏದುಸಿರು. ನೀವು ಲೆಕ್ಕಕ್ಕೆ ಹಿಡಿದ 900 ಇದೆಯಲ್ಲ, ಅದು ಗಾಳಿಯೊಳಗಿನ ವೇಗ. ನೆಲದ ಲೆಕ್ಕದಲ್ಲಿ ಅದೇ ವಿಮಾನ 750 ಆಗಬಹುದು, 1,100 ಕೂಡ ಆಗಬಹುದು.

ಇದಕ್ಕೆ ನನಗೆ ತುಂಬ ಇಷ್ಟವಾದ ಒಂದು ಉದಾಹರಣೆ ಇದೆ. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯ ತನ್ನ ದಿಲ್ಲಿ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವಿನ ವಿಮಾನವನ್ನು ಹೋಗುವಾಗ ಅಟ್ಲಾಂಟಿಕ್ ಕಡೆ ಬಿಟ್ಟು ಪೆಸಿಫಿಕ್ ಕಡೆಯಿಂದ ಕಳಿಸಿತು. ದಾರಿ ಸುಮಾರು 1,400 ಕಿ.ಮೀ. ಜಾಸ್ತಿ, ಒಟ್ಟು 15,300ರ ಹತ್ತಿರ. ಆದರೂ ಬೆನ್ನಿಗೆ ಗಾಳಿ ಸಿಕ್ಕಿ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು, ಹಳೆಯ ದಾರಿಗಿಂತ ಬೇಗ. ಮೊದಲ ಸಲ ಇದನ್ನು ಕೇಳಿದ ನನ್ನ ಹೆಂಡತಿ "ದೂರ ಜಾಸ್ತಿಯಾದರೆ ಬೇಗ ಮುಟ್ಟುವುದು ನಿಮ್ಮ ಆಫೀಸಿನಲ್ಲಿ ಮಾತ್ರ" ಎಂದಿದ್ದಳು.

ಮಾಸ್ಟ್ರಿಗೆ ಅಷ್ಟು ದೂರದ ಉದಾಹರಣೆ ಬೇಡ. ದುಬೈಗೆ ಹೋಗಿ ಬಂದವರನ್ನೇ ಕೇಳಲಿ, ನಮ್ಮ ಕರಾವಳಿಯಲ್ಲಿ ಅಂಥವರಿಗೇನು ಕಡಿಮೆ? ಮಂಗಳೂರಿನಿಂದ ದುಬೈಗೆ ಸುಮಾರು 2,450 ಕಿ.ಮೀ. ಹೋಗುವಾಗ ಗಡಿಯಾರ ನೋಡಿದರೆ ಹೊರಟ ಎರಡೂಕಾಲು ಗಂಟೆಗೆ ಇಳಿದಂತೆ ಕಾಣುತ್ತದೆ. ಬರುವಾಗ ಐದು ಗಂಟೆ ಹತ್ತಿರ ಹತ್ತಿರ. "ಹೋಗುವಾಗ ಬೇಗ" ಎಂಬ ಮಾತು ಹುಟ್ಟಿದ್ದು ಇಲ್ಲೇ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಷ್ಟೇ ಗುಟ್ಟು. ಅದನ್ನು ಸರಿಮಾಡಿ ನೋಡಿದರೆ ಹೋಗುವಾಗ ಮೂರೂಮುಕ್ಕಾಲು, ಬರುವಾಗ ಮೂರೂಕಾಲು ಅಥವಾ ಮೂರೂವರೆ. ನಿಜಕ್ಕೂ ಬೇಗ ಆಗುವುದು ಬರುವಾಗಲೇ, ಎದುರುಗಾಳಿ ಹಿಂಗಾಳಿಯಾಗುವುದರಿಂದ.

ನಿಮ್ಮ ಮಂಗಳವಾರದ ಕಥೆಯೂ ಇದೇ. ಬೇಸಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಗಡಿಯಾರ ನಮಗಿಂತ 12 ಗಂಟೆ 30 ನಿಮಿಷ ಹಿಂದೆ. ನವೆಂಬರಿನ ಮೊದಲ ಭಾನುವಾರದಿಂದ ಮಾರ್ಚಿನ ಎರಡನೇ ಭಾನುವಾರದ ತನಕ 13 ಗಂಟೆ 30 ನಿಮಿಷ. ಅಮ್ಮ ಇಲ್ಲಿಂದ ಬೇಸಗೆಯ ಮಂಗಳವಾರ ಬೆಳಗಿನ ಜಾವ 2ಕ್ಕೆ ಹೊರಟು 24 ಗಂಟೆ ಪ್ರಯಾಣ ಮಾಡಿದರೆ ನಮ್ಮಲ್ಲಿ ಬುಧವಾರ ಬೆಳಗಿನ ಜಾವ 2. ಅಲ್ಲಿ ಆಗ ಮಂಗಳವಾರ ಮಧ್ಯಾಹ್ನ ಒಂದೂವರೆ. ಸಮಯ ಉಳಿದದ್ದೂ ಇಲ್ಲ, ಕಳೆದದ್ದೂ ಇಲ್ಲ. ಇಲ್ಲಿಂದ ಹೋಗುವಾಗ ಸಾಲ ಕೊಟ್ಟ ಹನ್ನೆರಡೂವರೆ ಗಂಟೆಯನ್ನು ಬರುವಾಗ ವಾಪಸು ತೆಗೆದುಕೊಳ್ಳುತ್ತಾರೆ.

ಮಾತ್ರೆಯ ವಿಷಯಕ್ಕೆ ಬಂದೆ. ವಾರದ ಹೆಸರನ್ನು ಮರೆತುಬಿಡಲಿ. ಮಾತ್ರೆಗೆ ಗೊತ್ತಿರುವುದು ಎಷ್ಟು ಗಂಟೆಗೊಮ್ಮೆ ಎಂಬುದು ಮಾತ್ರ. ಪ್ರಯಾಣ ಮುಗಿಯುವ ತನಕ ಒಂದು ವಾಚನ್ನು ಊರಿನ ಸಮಯದಲ್ಲೇ ಇಟ್ಟುಕೊಂಡಿರಲಿ. ಊಟಕ್ಕೆ ಮೊದಲು ತೆಗೆದುಕೊಳ್ಳುವ ಮಾತ್ರೆಯಾದರೆ ಊಟದ ತಟ್ಟೆ ಎದುರಿಗೆ ಬಂದ ಮೇಲೆಯೇ ನುಂಗಲಿ. ವಿಮಾನದಲ್ಲಿ ಊಟ ಯಾವಾಗ ಬರುತ್ತದೆಂದು ಹೇಳಲಾಗದು. ಅಲ್ಲಿನ ಸಮಯಕ್ಕೆ ಹೊಂದಿಸುವುದು ಹೇಗೆಂದು ಹೋಗುವ ಮೊದಲೇ ನಿಮ್ಮ ಡಾಕ್ಟರರನ್ನು ಕೇಳಿ ಬರೆಸಿಕೊಳ್ಳಿ. ಆ ಚೀಟಿಯೂ ಮಾತ್ರೆಗಳೂ ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ.

ಇನ್ನು 24 ಮತ್ತು 28. ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 13,000 ಕಿ.ಮೀ., 16 ಗಂಟೆಯ ಆಸುಪಾಸು. ಮಂಗಳೂರು ದುಬೈ ಸೇರಿಸಿದರೆ ಒಟ್ಟು 15,450. ನೂಲಿನ ದಾರಿಗಿಂತ 1,350 ಕಿ.ಮೀ. ಮಾತ್ರ ಜಾಸ್ತಿ, ಅಂದರೆ ಒಂದೂವರೆ ಗಂಟೆ. ಪಶ್ಚಿಮಕ್ಕೆ ಹೋದರೂ ಹೆಚ್ಚು ಸುತ್ತಾಗುವುದಿಲ್ಲ, ಏಕೆಂದರೆ ದುಬೈ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಗುಳ್ಳದ ಸರಿಯಾಗಿ ಎದುರುಬದುರು ಬದಿಯಲ್ಲಿವೆ, ನೂಲು ತೊಟ್ಟಿನ ಮೇಲೆಯೇ ಹಾದುಹೋಗುತ್ತದೆ. ಇಬ್ಬರು ಏಜೆಂಟರೂ ಹೇಳುತ್ತಿರುವ ಹಾರಾಟ ಒಂದೇ, 20 ಗಂಟೆಗೆ ಕೊಂಚ ಕಡಿಮೆ. ಒಬ್ಬರು ದುಬೈಯಲ್ಲಿ ನಾಲ್ಕು ಗಂಟೆ ಕೂರಿಸುತ್ತಾರೆ, ಇನ್ನೊಬ್ಬರು ಎಂಟು ಗಂಟೆ. ವ್ಯತ್ಯಾಸ ಪೂರ್ತಿ ಕುರ್ಚಿಯಲ್ಲಿದೆ, ಆಕಾಶದಲ್ಲಿಲ್ಲ.

ಹಾಗಾದರೆ 24 ಗಂಟೆಯದ್ದೇ ಒಳ್ಳೆಯದು, ದುಡ್ಡೂ ಕಡಿಮೆ ಎನ್ನಬೇಡಿ. ನನಗೆ ಅನುಮಾನ ಬರುವುದು ಅಲ್ಲೇ. ಆ ಏಜೆಂಟರನ್ನು ಒಂದೇ ಮಾತು ಕೇಳಿ: "ಎರಡು ವಿಮಾನಕ್ಕೂ ಬುಕಿಂಗ್ ನಂಬರು, ಅಂದರೆ ಪಿಎನ್‌ಆರ್ ಒಂದೇನಾ? ಲಗೇಜು ಇಲ್ಲಿ ಹಾಕಿದರೆ ಅಲ್ಲೇ ಸಿಗುತ್ತದಾ?" ಇಲ್ಲ ಎಂದರೆ ಅವರು ಎರಡು ಬೇರೆ ಬೇರೆ ಟಿಕೆಟು ಅಂಟಿಸಿ ಕೊಡುತ್ತಿದ್ದಾರೆ. ಆಗ ಅಮ್ಮ ದುಬೈಯಲ್ಲಿ ಹೊರಗೆ ಬಂದು, ಪೆಟ್ಟಿಗೆ ತೆಗೆದುಕೊಂಡು, ಮತ್ತೆ ಚೆಕ್ ಇನ್ ಮಾಡಬೇಕು. ಹೊರಗೆ ಬರಲು ಆ ದೇಶದ ವೀಸಾ ನಿಯಮ ಬೇರೆ ನೋಡಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಕಂಪನಿಗೆ ಅದು ಸಂಬಂಧವಿಲ್ಲದ ವಿಷಯ, ಹೊಸ ಟಿಕೆಟು ನಿಮ್ಮ ಖರ್ಚು. ನನ್ನ ಚಿಕ್ಕಮ್ಮನಿಗೆ ಹೀಗೇ ಆಯಿತು. ಮಂಗಳೂರಿನ ಮಳೆಗೆ ವಿಮಾನ ಎರಡು ಗಂಟೆ ತಡ. ಟಿಕೆಟು ಮಾಡಿದ್ದು ನಾನಲ್ಲ, ಆದರೆ ರಾತ್ರಿ ಫೋನ್ ಬಂದದ್ದು ನನಗೆ. ಅವರು ಒಂದು ರಾತ್ರಿ ಪೂರ್ತಿ ನಿಲ್ದಾಣದ ಬೆಂಚಿನಲ್ಲಿ ಕೂತರು. ಉಳಿಸಿದ ದುಡ್ಡಿನ ಎರಡರಷ್ಟು ಹೋಯಿತು.

ಜೂನ್‌ನಿಂದ ಆಗಸ್ಟ್ ನಡುವೆ ಹೋಗುವುದಾದರೆ ಇದನ್ನು ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಮಂಗಳೂರು ವಿಮಾನ ನಿಲ್ದಾಣ ಇರುವ ಬಜಪೆಯದ್ದು ಗುಡ್ಡದ ಮೇಲಿನ ರನ್‌ವೇ. ಮೋಡ ತಗ್ಗಿದರೆ ಇಳಿಯಬೇಕಾದ ವಿಮಾನ ಬೆಂಗಳೂರಿಗೋ ಕೇರಳದ ಕಡೆಗೋ ತಿರುಗಿಬಿಡುತ್ತದೆ, ಅದೇ ವಿಮಾನಕ್ಕೆ ಕಾದವರು ಇಲ್ಲಿ ಕೂತೇ ಇರುತ್ತಾರೆ.

ಮಂಗಳೂರಿನಿಂದಲೇ ಅಮೆರಿಕಕ್ಕೆ ನೇರ ವಿಮಾನ ಯಾಕಿಲ್ಲ ಎಂದು ಕೇಳುವವರು ತುಂಬ ಜನ. ನಮ್ಮ ರನ್‌ವೇ 2,450 ಮೀಟರ್. ಬೆಂಗಳೂರಿನದ್ದು 4,000. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 2021ರ ಜನವರಿಯಲ್ಲಿ ಏರ್ ಇಂಡಿಯ ನೇರ ವಿಮಾನ ಶುರು ಮಾಡಿದಾಗ ಬಳಸಿದ್ದು ಬೋಯಿಂಗ್ 777-200ಎಲ್ಆರ್. ಅದರ ಟ್ಯಾಂಕಿಗೆ ಸುಮಾರು 1,80,000 ಲೀಟರ್ ಹಿಡಿಯುತ್ತದೆ. ಸುರತ್ಕಲ್ ಕಡೆಯ ಎಣ್ಣೆ ಶುದ್ಧೀಕರಣ ಕಾರ್ಖಾನೆ ಎಂಆರ್‌ಪಿಎಲ್‌ನಿಂದ ಹೊರಡುವ 20,000 ಲೀಟರಿನ ಟ್ಯಾಂಕರ್ ಇದ್ದರೆ ಅಂಥ ಒಂಬತ್ತು. ಅಷ್ಟು ಹೊತ್ತುಕೊಂಡು 2,450 ಮೀಟರಿನಲ್ಲಿ ಏಳುವುದು ಆಗದ ಮಾತು. ಆ ಮೊದಲ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿಸಿ ಬೆಂಗಳೂರಿಗೆ ತಂದವರು ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಹೆಣ್ಣುಮಕ್ಕಳು. ಅಮ್ಮನಿಗೆ ಧೈರ್ಯ ಬರಲು ಇದನ್ನು ಹೇಳಿ.

ಬೆಂಗಳೂರಿನಿಂದ ನಿಲ್ಲದೆ ಹೋಗುವ ವಿಮಾನ ಇದ್ದು, ನಿಮಗೆ ಬೇಕಾದ ದಿನ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಹಾರಾಟ ಸುಮಾರು 17 ಗಂಟೆ. ಆದರೆ ಮನೆಯಿಂದ ಮನೆಗೆ ಲೆಕ್ಕ ಹಾಕಿ. ಕಟಪಾಡಿಯಿಂದ ಮೂಲ್ಕಿ, ಕಿನ್ನಿಗೋಳಿ, ಕಟೀಲು ಮೇಲೆ ಬಜಪೆಗೆ ಒಂದು ಗಂಟೆಗಿಂತ ಮೇಲೆ, ಅಲ್ಲಿ ಎರಡು ಗಂಟೆ ಮೊದಲು ಇರಬೇಕು, ಬೆಂಗಳೂರಿಗೆ ಒಂದು ಗಂಟೆ, ಅಲ್ಲಿ ನಾಲ್ಕು ಗಂಟೆ ಕಾಯುವುದು, 17 ಗಂಟೆ ಹಾರಾಟ, ಇಳಿದ ಮೇಲೆ ಇಮಿಗ್ರೇಷನ್, ಲಗೇಜು ಎಂದು ಒಂದೂವರೆ ಗಂಟೆ. 27 ಗಂಟೆ ಹತ್ತಿರ ಆಯಿತು. ದುಬೈ ಮೇಲೆ ಹೋದರೆ ಇದೇ ಲೆಕ್ಕದಲ್ಲಿ 29, 30. ನೇರ ವಿಮಾನಕ್ಕೆ ಜಾಸ್ತಿ ದುಡ್ಡು ಕೊಟ್ಟು ಉಳಿಸುವುದು ಎರಡು ಮೂರು ಗಂಟೆ. ಭಾಷೆ ಬಾರದವರಿಗೆ ನಡುವೆ ಬೇರೆ ದೇಶದಲ್ಲಿ ಇಳಿಯುವ ತಾಪತ್ರಯವಿಲ್ಲ ಎಂಬುದು ಅದರ ನಿಜವಾದ ಲಾಭ. ಒಂದೇ ಸಮನೆ 17 ಗಂಟೆ ಕೂರುವುದು ಮಂಡಿಗೆ ಶಿಕ್ಷೆ, ಅದು ನಷ್ಟ. ಬೆಂಗಳೂರಿಗೆ ಬಸ್ಸಿನಲ್ಲಿ ಕಳಿಸುವ ಯೋಚನೆ ಇದ್ದರೆ ಮಳೆಗಾಲದಲ್ಲಿ ಬಿಟ್ಟುಬಿಡಿ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಯಾವ ವಿಮಾನವೂ ಕಾಯುವುದಿಲ್ಲ.

ಸಿಂಗಾಪುರ ಅಥವಾ ಫ್ರಾಂಕ್‌ಫರ್ಟ್ ಮೇಲೆಯೂ ಹೋಗಬಹುದು. ದೂರ 17,000 ಕಿ.ಮೀ. ಹತ್ತಿರವಾಗುತ್ತದೆ. ಆದರೆ ಅವಕ್ಕೆ ಸಾಮಾನ್ಯವಾಗಿ ಮೊದಲು ಬೆಂಗಳೂರಿಗೆ ಹೋಗಬೇಕಾದ್ದರಿಂದ ಅಮ್ಮ ಮೂರು ವಿಮಾನ ಹತ್ತಬೇಕು, ಎರಡು ಕಡೆ ಇಳಿಯಬೇಕು. ಅಮೆರಿಕದ ಒಳಗೆ ಇನ್ನೊಂದು ಊರಿನಲ್ಲಿ ಇಳಿದು ಬದಲಾಯಿಸುವ ಟಿಕೆಟನ್ನು ಮಾತ್ರ ಖಂಡಿತ ಬೇಡ ಎನ್ನುತ್ತೇನೆ. ಆ ದೇಶದಲ್ಲಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆ ಎತ್ತಿಕೊಂಡು ಮತ್ತೆ ಕೊಡಬೇಕು. ಒಂಟಿಯಾಗಿ ಹೋಗುವ ಅಮ್ಮನಿಗೆ ಅದು ದೊಡ್ಡ ರಗಳೆ.

ನನ್ನ ಅಮ್ಮನಾಗಿದ್ದರೆ ಒಂದೇ ಪಿಎನ್‌ಆರ್‌ನಲ್ಲಿ, ನಡುವೆ ಒಂದೇ ಕಡೆ ಇಳಿದು, ಅಲ್ಲಿ ನಾಲ್ಕರಿಂದ ಐದು ಗಂಟೆ ಸಿಗುವ ಟಿಕೆಟು ಮಾಡುತ್ತಿದ್ದೆ. ಎರಡು ಗಂಟೆಯ ಕನೆಕ್ಷನ್ ಕಾಗದದ ಮೇಲೆ ಚೆಂದ, ಮಂಡಿನೋವಿಗೆ ಚೆಂದವಲ್ಲ. ಅಂಥ ಟಿಕೆಟು ದುಬೈ ಮೇಲೆ ಮಂಗಳೂರಿನಿಂದ ಸಿಕ್ಕರೆ ಅದು. ಸಿಗದಿದ್ದರೆ ಬೆಂಗಳೂರಿನ ತನಕ ನೀವೇ ಜೊತೆಗೆ ಹೋಗಿ ಅಲ್ಲಿಂದ ಹತ್ತಿಸಿ. ಮೊದಲ ಏಜೆಂಟರ 28 ಗಂಟೆ ಒಂದೇ ಪಿಎನ್‌ಆರ್ ಆಗಿದ್ದರೆ ಅದನ್ನು ತಳ್ಳಿಹಾಕಬೇಡಿ. ಎಂಟು ಗಂಟೆ ಬೇಸರದ್ದು, ಅಪಾಯದ್ದಲ್ಲ.

ಟಿಕೆಟು ಮಾಡುವಾಗಲೇ ವೀಲ್‌ಚೇರ್ ಕೇಳಿ. ದುಡ್ಡು ಕೊಡಬೇಕಿಲ್ಲ. "ನಾನೇನು ಕಾಯಿಲೆಯವಳಾ?" ಎಂದು ಅಮ್ಮ ಸಿಟ್ಟಾಗುತ್ತಾರೆ, ಎಲ್ಲ ಅಮ್ಮಂದಿರೂ ಆಗುತ್ತಾರೆ. ಅದು ಕಾಲಿಗಿಂತ ಜಾಸ್ತಿ ದಾರಿಗೆ ಎಂದು ಹೇಳಿ. ತಳ್ಳುವವರು ಒಂದು ಗೇಟಿನಿಂದ ಇನ್ನೊಂದಕ್ಕೆ, ಇಮಿಗ್ರೇಷನ್ ಸಾಲಿನಿಂದ ಹೊರಗಿನ ತನಕ ಕರೆದುಕೊಂಡು ಹೋಗುತ್ತಾರೆ, ಬೋರ್ಡು ಓದುವ ಕೆಲಸವೇ ಇಲ್ಲ. ದುಬೈಯಲ್ಲಿ ತುಳು ಮಾತಾಡುವವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ, ಆ ಚಿಂತೆ ಬೇಡ. ನಡುದಾರಿಯ ಪಕ್ಕದ ಸೀಟು ಕೇಳಿ. ಎರಡು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲಿ, ನೀರು ಕುಡಿಯುತ್ತಿರಲಿ. ಟಾಯ್ಲೆಟ್ಟಿಗೆ ಏಳಬೇಕಾಗುತ್ತದೆಂದು ನೀರು ಬಿಡುವವರೇ ಜಾಸ್ತಿ. ಹೊತ್ತುಗಟ್ಟಲೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಅಮ್ಮನಿಗೆ ಕಾಲು ಊತ ಬರುವುದಿದ್ದರೆ ಬಿಗಿ ಕಾಲುಚೀಲ ಬೇಕಾ ಎಂದು ಆ ಡಾಕ್ಟರರ ಹತ್ತಿರವೇ ಕೇಳಿಬಿಡಿ. ಹೊರಡುವ ವಾರದಲ್ಲಿ ವಿಮಾನದ ಸಮಯ ಇನ್ನೊಮ್ಮೆ ನೋಡಿ. ಆಕಾಶದ ಬೇಲಿ ಯಾವಾಗ ಏಳುತ್ತದೆ, ಬೀಳುತ್ತದೆ ಎಂದು ಯಾರೂ ತಿಂಗಳ ಮೊದಲೇ ಹೇಳುವುದಿಲ್ಲ.

ಪೆಟ್ಟಿಗೆಯಲ್ಲಿ ಏನು ಹಾಕಿದ್ದೇವೆಂದು ಒಂದು ಕಾಗದದಲ್ಲಿ ಇಂಗ್ಲಿಷಿನಲ್ಲಿ ಬರೆದು ಅಮ್ಮನ ಕೈಗೆ ಕೊಡಿ. ತಿನ್ನುವ ವಸ್ತು ಏನಿದ್ದರೂ ಅಲ್ಲಿ ಮುಚ್ಚಿಡದೆ ಹೇಳಬೇಕು. ಹೇಳದೆ ಸಿಕ್ಕಿದರೆ ದಂಡ, ಜೊತೆಗೆ ಇನ್ನೊಂದು ಗಂಟೆ. ಬಾಣಂತಿ ಲೇಹ್ಯ, ಹಪ್ಪಳದ ಬಗ್ಗೆ ಕೇಳಿದರೆ ಕಾಗದ ತೋರಿಸಲಿ. ಹಸಿ ತರಕಾರಿ, ಹಣ್ಣು ಅಲ್ಲಿ ಬುಟ್ಟಿಗೆ ಹೋಗುವುದೇ ಹೆಚ್ಚು. ಹಾಗಾಗಿ ಮಗಳಿಗೆ ಎಷ್ಟೇ ಆಸೆ ಇದ್ದರೂ ಗುಳ್ಳ ಮಾತ್ರ ಕಟ್ಟಿಕೊಡಬೇಡಿ. ನೂಲು ಸುತ್ತಿ ನೋಡಿದ ಮೇಲೆ ಅದನ್ನು ಇಲ್ಲೇ ಕೊದ್ದೆಲ್ ಮಾಡಿ.